ಮುಚ್ಚಳದಷ್ಟು ನೀರು

“ಯಾವಳೇ ಕೂತಿದ್ದು? ಬಾಯಿ ಬಿಡ್ರೇ! ನಿನ್ನೆ ನಾಲ್ಕು ಹತ್ತಕ್ಕೆ, ಎರಡನೇ ಮಹಡೀಲಿ, ಮೂರನೇ ಬಾಗಿಲೊಳಗೆ ಯಾವ ಮಹಾರಾಣಿ ಕೂತಿದ್ದು?”

ನೆಲಮಾಳಿಗೆಯಲ್ಲಿ, ಜನರೇಟರ್ ಕೋಣೆಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ಆರು ಜನ ಹೆಂಗಸರು ಸಾಲಾಗಿ ನಿಂತಿದ್ದರು. ಆರು ನೀಲಿ ಅಂಗಿ, ಆರು ನೀಲಿ ಪ್ಯಾಂಟು, ಆರು ಜೊತೆ ಕಪ್ಪು ರಬ್ಬರ್ ಬೂಟು. ಸೂಪರ್‌ವೈಸರ್ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಮೊದಲು ಇದೇ ಮಾಲ್‌ನ ಪಾರ್ಕಿಂಗಿನಲ್ಲಿ ಕಾರುಗಳನ್ನು ಹಿಂದೆ ಮುಂದೆ ಮಾಡಿಸುತ್ತಿದ್ದವನು. ಬಡ್ತಿ ಸಿಕ್ಕಿದ ಮೇಲೂ ಕೊರಳಿನ ಸೀಟಿಯನ್ನು ತೆಗೆದಿರಲಿಲ್ಲ. ಅವನ ಬೆನ್ನ ಹಿಂದೆ ಹೆಂಗಸರೆಲ್ಲ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು.

“ಗ್ರಾಹಕರು ಫೋಟೋ ಹೊಡೆದು ಕಳಿಸಿದ್ದಾರೆ. ಬಾಗಿಲ ಕೆಳಗೆ ಬೂಟು ಕಾಣ್ತಿದೆ. ‘ಇವರು ಕೂತ ಜಾಗದಲ್ಲಿ ನಾವು ಕೂರಬೇಕಾ’ ಅಂತ ಕೇಳಿದ್ದಾರೆ. ಏನು ಹೇಳ್ಲಿ? ನಿಮ್ಮಂಥ ಬೇವರ್ಸಿಗಳಿಗೋಸ್ಕರ ನಾನು ಮೇಲಿನವರ ಹತ್ರ ಮುಖಕ್ಕೆ ಉಗಿಸ್ಕೋಬೇಕಾ?”

ಆರು ಜನವೂ ತಂತಮ್ಮ ಬೂಟು ನೋಡಿಕೊಂಡರು. ಎಲ್ಲವೂ ಒಂದೇ ಅಚ್ಚಿನವು.

“ಸಾರ್,” ಎಂದಳು ರೇಡಿಯೊ. “ಕೂತಿದ್ರೆ ಏನಾಯ್ತು? ಕೂತು ಎದ್ದು ಹೋಗಿದ್ದಾಳೆ. ಕಿತ್ಕೊಂಡು ಮನೆಗೆ ಹೊತ್ಕೊಂಡು ಹೋದ್ಲಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ರೇಡಿಯೊ ಎಂಬುದು ಅವಳಿಗೆ ಜೊತೆಯವರು ಇಟ್ಟ ಹೆಸರು. ಬೆಳಿಗ್ಗೆ ಬಕೆಟ್ ಎತ್ತಿಕೊಂಡ ಗಳಿಗೆಯಿಂದ ಸಂಜೆ ಬಕೆಟ್ ಕವುಚಿ ಹಾಕುವವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅಭಿಪ್ರಾಯವಿಲ್ಲದ ವಿಷಯವೇ ಅವಳಲ್ಲಿರಲಿಲ್ಲ. ದೊಡ್ಡವರ ಕಕ್ಕಸಿನಲ್ಲಿ ಯಾಕೆ ಸಂಗೀತ ಹಾಕುತ್ತಾರೆ, ಮೂರು ವರ್ಷದ ಮಗುವಿನ ಕೈಗೆ ಮೊಬೈಲು ಕೊಟ್ಟ ತಾಯಿಗೆ ಯಾವ ಶಿಕ್ಷೆ ಕೊಡಬೇಕು, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ಬಂದವರಂತೆ ನಟಿಸುವ ಗಂಡಸರನ್ನು ಎಬ್ಬಿಸುವ ಉಪಾಯ ಯಾವುದು, ಓಟು ಕೇಳಲು ಬಂದವನು ಕೈ ಮುಗಿದಾಗ ಅವನ ಉಗುರು ಯಾಕೆ ನೋಡಬೇಕು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಯಾರೂ ಕೇಳಿರಲಿಲ್ಲವೆಂಬುದೂ ನಿಜ.

ಸೀಟಿ ಅವಳ ಮುಂದೆ ಬಂದು ನಿಂತ. “ನಿನಗೆ ಗೊತ್ತು. ಆರು ವರ್ಷದಿಂದ ಇಲ್ಲಿದ್ದೀಯ. ಯಾವಳು ಯಾವಾಗ ಉಸಿರು ಬಿಡ್ತಾಳೆ ಅಂತಾನೂ ನಿನಗೆ ಗೊತ್ತಿರುತ್ತೆ.”

“ನಂಗೆ ಎಲ್ಲಾ ಗೊತ್ತು ಸಾರ್. ಆದರೆ ಒಬ್ಬರ ಹೊಟ್ಟೆ ಒಳಗಿನದ್ದು ಗೊತ್ತಾಗಲ್ಲ.”

ಎಂಥ ಮಾತು ಬಂತು ಬಾಯಿಗೆ! ಎಡಗಡೆ ನಿಂತಿದ್ದ ನಾದಿನಿಯ ಕಡೆ ಅವಳು ತಪ್ಪಿಯೂ ನೋಡಲಿಲ್ಲ. ನಾದಿನಿ ಒಂದು ಅಳತೆ ದೊಡ್ಡದಾದ ಅಂಗಿಯೊಳಗೆ ಉಸಿರು ಬಿಗಿಹಿಡಿದು ನಿಂತಿದ್ದಳು. ಐದು ತಿಂಗಳಾಗಿತ್ತು.

“ಸರಿ,” ಎಂದ ಸೀಟಿ. ಜೇಬಿನಿಂದ ಒಂದು ಬೀಗ ತೆಗೆದ. ಹೊಸದು, ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಸಾಲಿನ ಕೊನೆಯಲ್ಲಿದ್ದ ತಗಡಿನ ಬಾಗಿಲ ಹತ್ತಿರ ಹೋಗಿ ಹೊರಗಿನ ಕೊಂಡಿಗೆ ಹಾಕಿ ಒತ್ತಿದ. “ಸಂಜೆ ಆರು ಗಂಟೆ ಒಳಗೆ ಹೆಸರು ಬರಬೇಕು. ಹೆಸರು ಬರೋವರೆಗೂ ಇದೂ ಇಲ್ಲ ನಿಮಗೆ. ಕಟ್ಕೊಂಡು ಕೂತ್ಕೊಳ್ಳಿ.”

ಆ ತಗಡಿನ ಬಾಗಿಲ ಹಿಂದಿನ ಗೂಡು ಆರು ಹೆಂಗಸರಿಗೆ ಇದ್ದ ಒಂದೇ ಕಕ್ಕಸು. ಮೇಲೆ ಆರು ಮಹಡಿ, ಮಹಡಿಗೊಂದು ಹೆಂಗಸರ ಶೌಚಾಲಯ, ಒಂದೊಂದರಲ್ಲೂ ನಾಲ್ಕು ಬಾಗಿಲು. ಇಪ್ಪತ್ತನಾಲ್ಕು ಬಿಳಿ ಪಿಂಗಾಣಿಗಳನ್ನು ದಿನಕ್ಕೆ ಇಪ್ಪತ್ತು ಸಲ ಮಂಡಿಯೂರಿ ತಿಕ್ಕಬಹುದು, ಅದರೊಳಗೆ ಮೊಣಕೈವರೆಗೆ ಕೈ ಹಾಕಬಹುದು, ಯಾರೋ ಕಟ್ಟಿಕೊಳ್ಳುವಂತೆ ಮಾಡಿದ್ದನ್ನು ಬರಿಗೈಯಲ್ಲಿ ಎಳೆದು ತೆಗೆಯಬಹುದು, ಕೂರುವಂತಿಲ್ಲ. ಕೂರಬೇಕೆಂದರೆ ಸೀಟಿಯನ್ನು ಕೇಳಿ, ಲಿಫ್ಟ್ ಬಿಟ್ಟು ಹಿಂಬದಿಯ ಮೆಟ್ಟಿಲಿಳಿದು ಇಲ್ಲಿಗೆ ಬರಬೇಕು. ಇದಕ್ಕೆ ಒಳಗಿನ ಚಿಲಕ ಇರಲಿಲ್ಲ. ಬಾಗಿಲಿಗೆ ಕಟ್ಟಿದ ಹಗ್ಗದ ತುದಿಯನ್ನು ಒಳಗೆ ಕೂತವಳು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಎಲ್ಲ ಮುಗಿಸಬೇಕಿತ್ತು.

ಸೀಟಿ ಮೆಟ್ಟಿಲೇರಿ ಹೋದ. ಆರು ಜನವೂ ಬೀಗವನ್ನು ನೋಡುತ್ತ ನಿಂತರು.

“ಇವನ ವಂಶ ನಿರ್ವಂಶ ಆಗ,” ಎಂದಳು ಅಜ್ಜಿ. ಅರವತ್ತು ದಾಟಿದ್ದ ಅವಳನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. “ನಾನು ಈಗಷ್ಟೇ ಹೋಗೋಣ ಅಂತಿದ್ದೆ ಕಣ್ರೇ.”

* * *

ನೀರು ಕುಡಿಯುವುದಕ್ಕೆ ಅವರದೇ ಒಂದು ಕ್ರಮ ಇತ್ತು. ಬಾಟಲಿಗೆ ಬಾಯಿ ಹಚ್ಚುವ ಹಾಗಿಲ್ಲ. ಬಾಟಲಿಯ ಮುಚ್ಚಳಕ್ಕೆ ನೀರು ಬಗ್ಗಿಸಿ, ಆ ಮುಚ್ಚಳದಷ್ಟನ್ನು ನಾಲಿಗೆಯ ಮೇಲೆ ಹಿಡಿದುಕೊಂಡು, ಬಾಯೆಲ್ಲ ಓಡಾಡಿಸಿ, ನಿಧಾನಕ್ಕೆ ನುಂಗುವುದು. ಮಧ್ಯಾಹ್ನದವರೆಗೆ ಮೂರು ಮುಚ್ಚಳ, ಡಬ್ಬಿಯ ಊಟದ ಜೊತೆ ನಾಲ್ಕು, ಆಮೇಲೆ ಸಂಜೆ ಬಸ್ಸು ಹತ್ತುವವರೆಗೆ ಎರಡು. ಹೊಸಬರು ಬಂದಾಗ ಹಿರಿಯರು ಮೊದಲು ಕಲಿಸುವುದು ಇದನ್ನೇ. ಪೊರಕೆ ಹಿಡಿಯುವುದು ಆಮೇಲೆ. ನಾದಿನಿಗೆ ಕಲಿಸಿದವಳು ರೇಡಿಯೊ.

ಕೆಲಸಕ್ಕೆ ಕರೆತಂದವಳೂ ಅವಳೇ. ರೇಡಿಯೊಳ ಗಂಡ ಮೂಟೆ ಹೊರುವಾಗ ಬೆನ್ನು ಹಿಡಿದುಕೊಂಡು ಮಲಗಿ ಎರಡು ವರ್ಷವಾಗಿತ್ತು. ಅವನ ತಂಗಿಯ ಗಂಡ ದೂರದೂರಿಗೆ ಕೆಲಸಕ್ಕೆಂದು ಹೋದವನು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಫೋನು ಮಾಡಿ, ಈಗ ಮಾಡುವುದನ್ನೇ ಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಮೂವರು, ದುಡಿಯುವವರು ಇಬ್ಬರು. ಹೋದ ವರ್ಷ ನಾಲ್ಕನೇ ಮಹಡಿಯ ಒಬ್ಬಳಿಗೆ ಹೊಟ್ಟೆ ಕಾಣಿಸಿಕೊಂಡಾಗ, ‘ಹೆರಿಗೆ ಮುಗಿಸ್ಕೊಂಡು ಬಾಮ್ಮ’ ಎಂದು ನಗುನಗುತ್ತ ಕಳಿಸಿದ್ದರು. ಮಗುವನ್ನು ಎತ್ತಿಕೊಂಡೇ ಅವಳು ಬಂದಾಗ ಅವಳ ಅಂಗಿ ಬೇರೆಯವಳ ಮೈಮೇಲಿತ್ತು.

ಹೀಗಾಗಿ ದೊಡ್ಡ ಅಂಗಿ. ಹೀಗಾಗಿ ಬೆಳಗಿನ ಹೊತ್ತು ವಾಂತಿ ಬಂದರೆ ಒಗೆಯುವ ಪುಡಿಯ ವಾಸನೆ ಆಗುವುದಿಲ್ಲವೆಂಬ ನೆಪ. ಎಲ್ಲ ನಡೆಯುತ್ತಿತ್ತು. ಆದರೆ ಹೋದ ವಾರ ಆಸ್ಪತ್ರೆಯ ನರ್ಸು ನಾದಿನಿಯ ಮೂತ್ರದ ಬಣ್ಣ ನೋಡಿ ಬೈದುಬಿಟ್ಟಿದ್ದಳು: “ಏನಮ್ಮ ಇದು? ದಿನಕ್ಕೆ ಹತ್ತು ಲೋಟ ನೀರು ಕುಡಿ. ಇಲ್ಲಾಂದ್ರೆ ಮಗೂಗೇ ತೊಂದರೆ.” ಅಂದಿನಿಂದ ನಾದಿನಿ ಮುಚ್ಚಳ ಬಿಟ್ಟು ಬಾಟಲಿಗೇ ಬಾಯಿ ಹಚ್ಚಿದಳು. ಕುಡಿದ ನೀರು ಎಲ್ಲಿಗೆ ಹೋಗಬೇಕು?

ನಿನ್ನೆ ನಾಲ್ಕು ಹತ್ತಕ್ಕೆ ಎರಡನೇ ಮಹಡಿಯ ಮೂರನೇ ಬಾಗಿಲೊಳಗೆ ಹೋಗಿತ್ತು.

* * *

ಹನ್ನೆರಡಕ್ಕೆ ಸೀಟಿ ಬಂದು, ಮೇಡಂ ಕರೆಯುತ್ತಿದ್ದಾರೆ ಎಂದ.

ಮ್ಯಾನೇಜರ್ ಮೇಡಂಗೆ ಮೂವತ್ತೈದರ ಹತ್ತಿರ. ಬೈದವರಲ್ಲ, ಏಕವಚನದಲ್ಲಿ ಮಾತಾಡಿದವರಲ್ಲ. ಗೋಡೆಯ ಮೇಲೆ ‘ನಾವೆಲ್ಲರೂ ಒಂದೇ ಕುಟುಂಬ’ ಎಂಬ ಫಲಕ. ಅದರ ಕೆಳಗೆ ಸ್ವಚ್ಛತೆಯ ಹೆಂಗಸರ ಜೊತೆ ಅವರೇ ನಿಂತು ತೆಗೆಸಿಕೊಂಡ ಫೋಟೋ. ಅದರಲ್ಲಿ ರೇಡಿಯೊ ಕೂಡ ಇದ್ದಳು, ಕಣ್ಣು ಮುಚ್ಚಿಕೊಂಡು.

“ಬನ್ನಿ ಅಮ್ಮ, ಕೂತ್ಕೊಳ್ಳಿ.”

ರೇಡಿಯೊ ಕೂತಳು. ಕೂತದ್ದು ತಪ್ಪಾಯಿತು. ನಿಂತಾಗ ಸುಮ್ಮನಿದ್ದದ್ದು ಕೂತ ಕೂಡಲೇ ಒಳಗಿನಿಂದ ಒತ್ತತೊಡಗಿತು. ಬೆಳಿಗ್ಗೆ ಮನೆಯಲ್ಲಿ ಹೋಗಿದ್ದು ಐದೂವರೆಗೆ.

“ಎಷ್ಟು ಬಿಸಿಲು ಅಲ್ವಾ?” ಎನ್ನುತ್ತ ಮೇಡಂ ಎದ್ದು ತಾವೇ ಒಂದು ದೊಡ್ಡ ಗಾಜಿನ ಲೋಟದಲ್ಲಿ ತಣ್ಣಗಿನ ನೀರು ತುಂಬಿಸಿ ಅವಳ ಮುಂದಿಟ್ಟರು. “ಕುಡೀರಿ.”

“ಬೇಡ ಮೇಡಂ.”

“ಅಯ್ಯೋ, ಸಂಕೋಚ ಯಾಕೆ? ನನ್ನ ಲೋಟದಲ್ಲೇ ಕೊಟ್ಟಿದ್ದೀನಿ ನೋಡಿ. ನಾನು ಅಂಥದ್ದೆಲ್ಲ ನೋಡೋಳಲ್ಲ. ಕುಡೀರಿ, ಕುಡೀರಿ.”

ಆರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳಿಗೆ ನೀರು ಸಿಕ್ಕಿತ್ತು. ಬೇಡವೆಂದರೆ ಬಿಗುಮಾನ ಎನ್ನುತ್ತಾರೆ. ಯಾಕೆ ಬೇಡವೆಂದು ಹೇಳಿದರೆ ಆ ಗಾಜಿನ ಮೇಜಿನ ಮುಂದೆ ಉಚ್ಚೆಯ ಮಾತಾಡಬೇಕು. ಊರಿನ ಎಲ್ಲ ವಿಷಯದ ಮೇಲೂ ಮಾತಾಡುವವಳಿಗೆ ಆ ಒಂದು ಪದ ನಾಲಿಗೆಗೆ ಬರಲಿಲ್ಲ. ಲೋಟ ಎತ್ತಿದಳು. ಒಂದು ಗುಟುಕಿಗೆ ನಿಲ್ಲಿಸಬೇಕೆಂದಿದ್ದಳು. ಬೆಳಗಿನಿಂದ ಒಣಗಿದ್ದ ಗಂಟಲು ಕೇಳಲಿಲ್ಲ. ತಳ ಕಂಡ ಮೇಲೇ ಲೋಟ ಕೆಳಗಿಟ್ಟದ್ದು.

“ನೋಡಿ ಅಮ್ಮ, ನಾನೂ ಹೆಣ್ಣೇ. ನನಗೆ ಅರ್ಥ ಆಗುತ್ತೆ,” ಎಂದರು ಮೇಡಂ. “ಆದರೆ ಗ್ರಾಹಕರ ಭಾವನೆ ಅಂತ ಒಂದಿರುತ್ತೆ ಅಲ್ವಾ? ಆರು ಜನಕ್ಕೆ ತೊಂದರೆ ಕೊಡೋಕೆ ನಂಗಿಷ್ಟ ಇಲ್ಲ. ಒಂದು ಹೆಸರು ಹೇಳಿಬಿಡಿ, ಬೀಗ ಈಗಲೇ ತೆಗೆಸ್ತೀನಿ. ಆ ಹುಡುಗೀನ ನಾವು ಗೌರವವಾಗಿಯೇ ಕಳಿಸ್ಕೊಡ್ತೀವಿ.”

“ಹುಡುಗಿ ಅಂತ ಯಾರು ಹೇಳಿದ್ರು ಮೇಡಂ?”

ಮೇಡಂ ನಕ್ಕರು. “ಬೂಟಿನ ಅಳತೆ ಚಿಕ್ಕದು ಅನ್ನಿಸ್ತು. ನಾನೇನೂ ಹೇಳ್ತಿಲ್ಲಪ್ಪ. ನೀವೇ ಹೇಳಿದ್ರೆ ಚೆನ್ನ. ಮುಂದಿನ ತಿಂಗಳಿಂದ ಒಬ್ಬರನ್ನ ಲೀಡರ್ ಮಾಡಬೇಕು ಅಂತಿದ್ದೀವಿ. ಬಕೆಟ್ ಹಿಡಿಯೋದೇ ಬೇಡ, ನೋಡ್ಕೊಳ್ಳೋದು ಅಷ್ಟೇ. ನಿಮ್ಮಂಥ ಹಿರಿಯರು, ಮಾತು ಬಲ್ಲವರು...”

ರೇಡಿಯೊ ಎದ್ದು ನಿಂತಳು. ಕಾಲು ಜೋಡಿಸಿ ನಿಲ್ಲಬೇಕಾಯಿತು. “ಮೇಡಂ, ಒಂದು ಮಾತು ಕೇಳ್ಲಾ? ನೀವು ಎಲ್ಲಿಗೆ ಹೋಗ್ತೀರಿ?”

“ಎಲ್ಲಿಗೆ ಅಂದ್ರೆ?”

ಕೋಣೆಯ ಹಿಂಬದಿಯಲ್ಲಿ ಒಂದು ಕಿರಿದಾದ ಮರದ ಬಾಗಿಲಿತ್ತು. ರೇಡಿಯೊ ಅದರ ಕಡೆ ನೋಡಿದಳು. ಮೇಡಂ ಕೂಡ ನೋಡಿದರು. ಅವರ ಮುಖ ಸಣ್ಣದಾಯಿತು.

“ಆರು ಗಂಟೆಗೆ ಮುಂಚೆ ಹೇಳಿ,” ಎಂದರು, ಕಂಪ್ಯೂಟರಿನ ಕಡೆ ತಿರುಗಿ.

* * *

ಎರಡು ಗಂಟೆ. ಮೂರು ಗಂಟೆ. ಹೊಟ್ಟೆಯ ಕೆಳಗೆ ಒಂದು ಕಲ್ಲು ಇಟ್ಟು ಯಾರೋ ಮೇಲೆ ನಿಂತ ಹಾಗಿತ್ತು. ನಿಂತರೆ ಒಂದು ಥರ, ಬಗ್ಗಿದರೆ ಇನ್ನೊಂದು ಥರ. ನಲ್ಲಿ ತಿರುಗಿಸಿ ಬಟ್ಟೆ ಹಿಂಡುವ ಸದ್ದಿಗೇ ಜೀವ ಬಾಯಿಗೆ ಬರುತ್ತಿತ್ತು. ಮಾಲ್‌ನ ನಡುವೆ ಒಂದು ಕಾರಂಜಿ, ದಿನವಿಡೀ ಜುಳುಜುಳು. ಇಷ್ಟು ವರ್ಷ ಅದೊಂದು ಅಲ್ಲಿದೆಯೆಂದೇ ಅವಳ ಕಿವಿಗೆ ಬಿದ್ದಿರಲಿಲ್ಲ. ಇಂದು ಆರನೇ ಮಹಡಿಗೂ ಕೇಳುತ್ತಿತ್ತು. ಅದನ್ನು ಕಟ್ಟಿಸಿದವನ ಮೇಲೆ ರೇಡಿಯೊಗೆ ಒಂದು ಅಭಿಪ್ರಾಯ ಹುಟ್ಟಿತು.

ಎರಡನೇ ಮಹಡಿಯ ಕಟಕಟೆಯ ಗಾಜು ಒರೆಸುತ್ತಿದ್ದಾಗ ಒಬ್ಬಳು ಹುಡುಗಿ ಕೋಲಿಗೆ ಸಿಕ್ಕಿಸಿದ ಮೊಬೈಲು ಹಿಡಿದು ಬಂದಳು. ಜೊತೆಗೊಬ್ಬ ಹುಡುಗ, ಅವನ ಕೈಯಲ್ಲಿ ಸಣ್ಣ ದೀಪ.

“ಆಂಟಿ, ಒಂದೇ ನಿಮಿಷ. ನಾವು ಜನಸಾಮಾನ್ಯರ ಅಭಿಪ್ರಾಯ ತಗೋತಿದ್ದೀವಿ. ಸಮಾಜದಲ್ಲಿ ಒಂದೇ ಒಂದು ವಿಷಯ ಬದಲಾಯಿಸೋ ಅಧಿಕಾರ ಸಿಕ್ಕಿದ್ರೆ ಏನು ಬದಲಾಯಿಸ್ತೀರಾ?”

ಮುಖದ ಮೇಲೆ ದೀಪ ಬಿತ್ತು. ಜನ್ಮದಲ್ಲಿ ಮೊದಲ ಸಲ ಯಾರೋ ಅವಳನ್ನು ಅಭಿಪ್ರಾಯ ಕೇಳುತ್ತಿದ್ದರು. ಇಂಥ ಗಳಿಗೆಗೆಂದೇ ಎಷ್ಟು ಮಾತು ಕೂಡಿಟ್ಟಿದ್ದಳು! ಒಂದೂ ನೆನಪಾಗಲಿಲ್ಲ.

“ಕೆಳಗೆ ಒಂದು ಬೀಗ ಹಾಕಿದ್ದಾರೆ,” ಎಂದಳು. “ಅದನ್ನ ತೆಗೆಸ್ತೀನಿ.”

ಹುಡುಗಿಯ ಕಣ್ಣು ಅರಳಿತು. “ವಾವ್. ಬೀಗ ಅಂದ್ರೆ ಹೆಣ್ಣುಮಕ್ಕಳ ಬಾಯಿಗೆ ಹಾಕಿರೋ ಬೀಗ?”

“ಅಲ್ಲಮ್ಮ. ಕಬ್ಬಿಣದ್ದು. ಕಕ್ಕಸಿಗೆ ಹಾಕಿದ್ದಾರೆ.”

ಹುಡುಗ ದೀಪ ಇಳಿಸಿದ. ಹುಡುಗಿ ಸುತ್ತ ನೋಡಿದಳು. “ಆಂಟಿ, ಅದು... ಅದನ್ನ ಮಾಲ್ ಒಳಗೆ ನಿಂತ್ಕೊಂಡು ಹಾಕೋಕಾಗಲ್ಲ. ನಮಗೆ ಶೂಟಿಂಗ್ ಪರ್ಮಿಷನ್ ಕೊಟ್ಟಿರೋದೇ ಇವರು. ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಿ, ಪ್ಲೀಸ್. ಶಿಕ್ಷಣ, ಭ್ರಷ್ಟಾಚಾರ, ಅಂಥದ್ದು.”

ಹೊಟ್ಟೆ ಒಮ್ಮೆ ಹಿಂಡಿ ಬಿಟ್ಟಿತು. ಇವರು ಹೋದರೆ ಸಾಕಾಗಿತ್ತು. “ಭ್ರಷ್ಟಾಚಾರ ಹೋಗಬೇಕು,” ಎಂದಳು ರೇಡಿಯೊ.

“ಸೂಪರ್ ಆಂಟಿ!”

ಅವರು ಹೋದರು. ರೇಡಿಯೊ ಗಾಜಿನ ಮೇಲೆ ಬಟ್ಟೆ ಒತ್ತಿ ನಿಂತಳು. ತನ್ನ ಬಾಯಿಯನ್ನು ತಾನೇ ಫಿನಾಯಿಲ್ ಹಾಕಿ ತೊಳೆಯಬೇಕೆನಿಸಿತು.

* * *

ನಾಲ್ಕೂವರೆಗೆ ಬಕೆಟ್ ಇಡುವ ಗೂಡಿನಲ್ಲಿ ನಾದಿನಿ ಸಿಕ್ಕಳು. ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಇಬ್ಬರು ನಿಲ್ಲಲಾರದಷ್ಟು ಚಿಕ್ಕ ಗೂಡು. ರೇಡಿಯೊ ಒಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು.

“ಅತ್ತಿಗೆ, ನಾನೇ ಹೋಗಿ ಹೇಳಿಬಿಡ್ತೀನಿ. ಎಲ್ಲರೂ ನನ್ನಿಂದ ಸಾಯ್ತಿದ್ದೀರಿ.”

“ಹೇಳು. ಹೇಳಿ ಮನೆಗೆ ಹೋಗಿ ನಿಮ್ಮಣ್ಣನ ಪಕ್ಕ ಚಾಪೆ ಹಾಸ್ಕೊಂಡು ಮಲಗು. ಇಬ್ಬರೂ ಸೂರು ನೋಡ್ಕೊಂಡು ಇರಿ. ನಾನೊಬ್ಬಳೇ ಎರಡು ಜನ್ಮ ದುಡೀತೀನಿ.”

“ಮತ್ತೇನು ಮಾಡ್ಲಿ? ಅಜ್ಜಿ ಮುಖ ನೋಡಿದ್ಯಾ ನೀನು? ಬೂದಿ ಬಳಿದ ಹಾಗಾಗಿದೆ. ‘ಯಾರೂಂತ ನಂಗೊತ್ತು ಮಗಾ, ಹೇಳಲ್ಲ, ಹೆದರಬೇಡ’ ಅಂದ್ಲು. ಹಾಗಂದು ನನ್ನ ಕೆನ್ನೆ ಸವರಿದ್ಲು. ಅದಕ್ಕಿಂತ ಎರಡು ಬಾರಿಸಿದ್ರೆ ಚೆನ್ನಾಗಿತ್ತು.”

“ನೀನು ಹೋಗಿದ್ಯಾ? ಈಗ?”

ನಾದಿನಿ ನೆಲ ನೋಡಿದಳು. “ಇದರೊಳಗೆ,” ಎಂದು ಮೂಲೆಯ ಬಕೆಟ್ ತೋರಿಸಿದಳು. “ತಡೆಯೋಕಾಗಲಿಲ್ಲ. ಒಳಗಿರೋದು ಒದೀತು.”

ರೇಡಿಯೊ ನಕ್ಕುಬಿಟ್ಟಳು. ನಗಬಾರದಿತ್ತು, ನಗುವಾಗ ಒಂದು ಹನಿ ಜಾರಿತು. ಎರಡೂ ತೊಡೆ ಬಿಗಿದು, ನಾದಿನಿಯ ಭುಜ ಹಿಡಿದುಕೊಂಡು, ಕಣ್ಣು ಮುಚ್ಚಿ ನಿಂತಳು. “ನಗಿಸಬೇಡ್ವೇ, ನಿನ್ನ ದಮ್ಮಯ್ಯ.”

“ನಾನೇನು ನಗಿಸಿದೆ?”

“ಸುಮ್ನಿರೇ!”

ಆಗ ಹೊರಗೆ ಸೀಟಿ ಊದಿದ್ದು ಕೇಳಿತು. ಉದ್ದಕ್ಕೆ, ಮೂರು ಸಲ. ಪಾರ್ಕಿಂಗಿನಲ್ಲಿ ಕಾರು ಗೋಡೆಗೆ ತಾಗುವ ಮುಂಚೆ ಊದುತ್ತಿದ್ದ ಹಾಗೆ.

* * *

ಚಪ್ಪಲಿ ಅಂಗಡಿಯ ಎದುರು, ಹೊಳೆಯುವ ಬಿಳಿ ನೆಲದ ಮೇಲೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಉದ್ದ ಹಿಡಿಕೆಯ ಒರೆಸುಬಟ್ಟೆ ಹಾಗೇ ಇತ್ತು. ನೀಲಿ ಪ್ಯಾಂಟು ತೊಡೆಯಿಂದ ಕೆಳಗೆ ಕಪ್ಪಗೆ ಅಂಟಿಕೊಂಡಿತ್ತು. ಬೂಟಿನ ಸುತ್ತ ಹಳದಿ ನೀರು ಮೆಲ್ಲಗೆ ಅಗಲವಾಗುತ್ತಿತ್ತು. ಅಜ್ಜಿ ಅದನ್ನು ನೋಡುತ್ತಿರಲಿಲ್ಲ. ಎದುರಿನ ಅಂಗಡಿಯ ಗಾಜಿನೊಳಗಿನ ಕೆಂಪು ಚಪ್ಪಲಿಯನ್ನೇ ನೋಡುತ್ತಿದ್ದಳು, ಈಗಲೇ ಹೋಗಿ ಕೊಳ್ಳುವವಳ ಹಾಗೆ.

“ಥೂ! ಥೂ! ಮುದಿ ಗೂಬೆ, ಎಲ್ಲಿ ನಿಂತ್ಕೊಂಡು ಏನೇ ಇದು!” ಸೀಟಿ ದನಿ ತಗ್ಗಿಸಿ ಕಿರುಚಿದ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಓಡಿಹೋಗಿ, ‘ಎಚ್ಚರಿಕೆ, ನೆಲ ಒದ್ದೆಯಾಗಿದೆ’ ಎಂಬ ಹಳದಿ ಫಲಕವನ್ನು ತಂದು ಅಜ್ಜಿಯ ಮುಂದೆ ನಿಲ್ಲಿಸಿದ. ಮಗುವಿನ ಕೈ ಹಿಡಿದು ಬರುತ್ತಿದ್ದ ಒಬ್ಬಾಕೆ ಫಲಕ ಓದಿ, “ಏನೋ ಚೆಲ್ಲಿದೆ, ನೋಡ್ಕೊಂಡು ಬಾ ಚಿನ್ನೂ,” ಎಂದು ಬಳಸಿಕೊಂಡು ಹೋದಳು. ಜನ ಆ ಕಡೆ ಈ ಕಡೆ ಹರಿದುಹೋಗುತ್ತಿದ್ದರು. ನಡುವೆ ಫಲಕ, ಫಲಕದ ಹಿಂದೆ ಅಜ್ಜಿ.

ನಾದಿನಿ ಬಟ್ಟೆ ತೆಗೆದುಕೊಂಡು ಮುಂದೆ ಬಂದಳು. ರೇಡಿಯೊ ಅದನ್ನು ಕಿತ್ತುಕೊಂಡು ತಾನೇ ಮಂಡಿಯೂರಿದಳು. ಅಜ್ಜಿಯ ಬೂಟುಗಳನ್ನು ಒಂದೊಂದಾಗಿ ಎತ್ತಿ ಒರೆಸಿದಳು. “ಎತ್ತು ಅಜ್ಜಿ. ಹಾಂ. ಈ ಕಾಲು.” ಅಜ್ಜಿ ಚಿಕ್ಕ ಮಗುವಿನ ಹಾಗೆ ಅವಳ ತಲೆಯ ಮೇಲೆ ಕೈಯೂರಿ ಕಾಲೆತ್ತಿದಳು.

“ನಾಳೆಯಿಂದ ಇವಳು ಬರೋದು ಬೇಡ,” ಎಂದ ಸೀಟಿ. “ಮೂವತ್ತು ಸಲ ಹೇಳಿದ್ದೀನಿ ವಯಸ್ಸಾದವರು ಬೇಡ ಅಂತ. ಮೈಮೇಲೆ ಹಿಡಿತ ಇಲ್ಲದವರೆಲ್ಲ ಯಾಕೆ ಬರ್ತೀರೇ ಕೆಲಸಕ್ಕೆ?”

ರೇಡಿಯೊ ಎದ್ದಳು. ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು. ಎರಡು ಸಲ ಕೈ ತೊಳೆದಳು. ಬಕೆಟ್ಟನ್ನು ಸೀಟಿಯ ಕಾಲ ಹತ್ತಿರ ಇಟ್ಟಳು. ಏನೂ ಮಾತಾಡಲಿಲ್ಲ. ನಾದಿನಿಗೆ ಹೆದರಿಕೆಯಾಗಿದ್ದು ಆಗ.

* * *

ಸಂಜೆಯ ಹೊತ್ತು, ಎರಡನೇ ಮಹಡಿಯ ಹೆಂಗಸರ ಶೌಚಾಲಯದಲ್ಲಿ ಸಾಲು ಇತ್ತು. ಐದು ಜನ. ರೇಡಿಯೊ ಹೋಗಿ ಆರನೆಯವಳಾಗಿ ನಿಂತಳು. ಮುಂದಿದ್ದ ಕೈಚೀಲದ ಹೆಂಗಸು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಹೋಗಿ. ಎರಡನೇದರಲ್ಲಿ ಪೇಪರ್ ಮುಗಿದಿದೆಯಂತೆ.”

“ನಾನು ಸಾಲಲ್ಲಿದ್ದೀನಿ.”

“ಅಂದ್ರೆ?”

“ನಂಗೂ ಬಂದಿದೆ ಅಮ್ಮ.”

ಕೈಚೀಲದ ಹೆಂಗಸು ಅವಳ ಬೂಟಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಕನ್ನಡಿಯ ಕಡೆ ತಿರುಗಿದಳು. ಸಾಲಿನಲ್ಲಿ ಏನೋ ಹರಿದಾಡಿತು. ಮುಂದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಗೆ ಹೋದರು. ಒಬ್ಬಳು ಬಾಗಿಲ ಹತ್ತಿರ ಯಾರಿಗೋ ಏನೋ ಹೇಳಿದ್ದು ಕೇಳಿಸಿತು. ಒಬ್ಬ ಮುದುಕಿ ಮಾತ್ರ, “ನೀನು ಮೊದಲು ಹೋಗಮ್ಮ, ಮುಖ ನೋಡಿದ್ರೇ ಗೊತ್ತಾಗುತ್ತೆ,” ಎಂದಳು. ಮೂರನೇ ಬಾಗಿಲು ತೆರೆಯಿತು. ರೇಡಿಯೊ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಕೂತಳು.

ಆ ಗೂಡಿನ ಇಂಚಿಂಚೂ ತನಗೆ ಗೊತ್ತೆಂದುಕೊಂಡಿದ್ದಳು. ಕೂತಾಗ ಅದು ಬೇರೆಯೇ ಆಗಿತ್ತು. ಬಾಗಿಲ ಒಳಮೈಯಲ್ಲಿ, ಕೂತವರ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಒಂದು ಕಂದು ಕಲೆ. ನಿಂತು ಒರೆಸುವವರಿಗೂ ಮಂಡಿಯೂರಿ ತಿಕ್ಕುವವರಿಗೂ ಕಾಣದ ಜಾಗ. ಎಷ್ಟು ವರ್ಷದ್ದೋ. ತೋಳಿನ ತುದಿಯಿಂದ ಒರೆಸಲು ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡಳು. ಮೇಲೆ ಎಲ್ಲೋ ಪಿಟೀಲು ನುಡಿಯುತ್ತಿತ್ತು.

ಆದರೆ ಬರಲಿಲ್ಲ.

ಬೆಳಗಿನಿಂದ ಒತ್ತಿ ಒತ್ತಿ ಜೀವ ತೆಗೆದದ್ದು, ಈಗ ಬಾ ಎಂದರೆ ಬರಲೊಲ್ಲದು. ಆರು ವರ್ಷ ತಡೆಯುವುದನ್ನಷ್ಟೇ ಕಲಿತ ಮೈ. ಬಿಡು ಎಂದರೆ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಅವಳು ಮುಂದಕ್ಕೆ ಬಾಗಿದಳು. ಹಿಂದಕ್ಕೆ ಒರಗಿದಳು. ಹೊಟ್ಟೆ ಕಲ್ಲಿನ ಹಾಗಿತ್ತು.

ಹೊರಗೆ ಸೂಪರ್‌ವೈಸರ್ ಸೀಟಿ ಊದಿದ. ಅವನು ಬಾಗಿಲ ಆಚೆಗೇ ನಿಲ್ಲಬೇಕಿತ್ತು. ಹೆಂಗಸರ ಕಡೆ ಬರುವಂತಿರಲಿಲ್ಲ. “ಯಾರೇ ಅದು ಒಳಗೆ? ಹೊರಗೆ ಬಾರೇ!”

“ನಾನೇ ಸಾರ್, ರೇಡಿಯೊ,” ಎಂದು ಒಳಗಿನಿಂದ ಕೂಗಿದಳು. “ನಿನ್ನೆ ಕೂತವಳೂ ನಾನೇ. ಆರು ಗಂಟೆ ಒಳಗೆ ಹೆಸರು ಬೇಕು ಅಂದ್ರಲ್ಲ, ಬರ್ಕೊಳ್ಳಿ. ಕೆಳಗಿನ ಬೀಗ ತೆಗೀರಿ.”

ಆಮೇಲೆ ಸೀಟಿ ಯಾರನ್ನೋ ಒಳಗೆ ತಳ್ಳಿದ. “ಹೋಗು, ನಿಮ್ಮತ್ತಿಗೇನ ಎಳ್ಕೊಂಡು ಬಾ. ಇಲ್ಲಾಂದ್ರೆ ಇಬ್ಬರನ್ನೂ ಇವತ್ತೇ ಆಚೆ ಹಾಕ್ತೀನಿ.”

ರಬ್ಬರ್ ಬೂಟಿನ ಸದ್ದು ಹತ್ತಿರ ಬಂತು. ಮೂರನೇ ಬಾಗಿಲ ಮುಂದೆ ನಿಂತಿತು.

“ಅತ್ತಿಗೆ.”

“ಹೋಗೇ ಹೊರಗೆ. ನೀನು ಇಲ್ಲಿ ಬರಬಾರದು. ಹೆಸರು ಕೊಟ್ಟಾಗಿದೆ, ಮುಗೀತು. ಹೋಗು, ನೀರು ಕುಡಿ.”

ಬೂಟಿನ ಸದ್ದು ದೂರ ಹೋಗಲಿಲ್ಲ. ಪಕ್ಕಕ್ಕೆ ಸರಿಯಿತು. ನಾಲ್ಕನೇ ಬಾಗಿಲು ತೆರೆದುಕೊಂಡಿತು. ಚಿಲಕ ಬಿದ್ದ ಸದ್ದು.

“ಏಯ್ ಹುಚ್ಚಿ!” ರೇಡಿಯೊ ಪಕ್ಕದ ಹಲಗೆಯನ್ನು ಗುದ್ದಿದಳು. “ಏನು ಮಾಡ್ತಿದ್ದೀಯೇ? ಆಚೆ ಹೋಗೇ, ತಲೆ ಕೆಟ್ಟಿದ್ಯಾ ನಿಂಗೆ? ನಾನು ಯಾರಿಗೋಸ್ಕರ ಇಲ್ಲಿ ಕೂತಿರೋದು?”

“ನಂಗೂ ಬಂದಿದೆ ಅತ್ತಿಗೆ,” ಎಂದಳು ನಾದಿನಿ ಆ ಕಡೆಯಿಂದ. “ಬೆಳಗಿನಿಂದ ಏಳು ಲೋಟ ಕುಡಿದಿದ್ದೀನಿ.”

ಆಮೇಲೆ ಅವಳದು ಕೇಳಿಸಿತು. ಗಟ್ಟಿಯಾಗಿ, ಯಾವ ಹಂಗೂ ಇಲ್ಲದೆ, ಬಹಳ ಹೊತ್ತು. ಹೊರಗೆ ಯಾರೋ ಸಿಟ್ಟಿನಿಂದ ನಲ್ಲಿ ತಿರುಗಿಸಿದರು. ಯಾರೋ ಮೊಬೈಲಿನಲ್ಲಿ, “ಇಲ್ಲ ಕಣೇ, ಇಲ್ಲೇನೋ ಗಲಾಟೆ, ಮೂರನೇ ಮಹಡಿಗೆ ಬಾ,” ಎನ್ನುತ್ತಿದ್ದರು. ಎತ್ತರ ಹಿಮ್ಮಡಿಯ ಚಪ್ಪಲಿಗಳು ಟಕಟಕ ಸದ್ದು ಮಾಡುತ್ತ ಬಂದವು. ಮೂರನೇ ಬಾಗಿಲಿನ ಮೇಲೆ ಎರಡು ಬೆರಳಿನ ಮೆತ್ತಗಿನ ಬಡಿತ.

“ಅಮ್ಮಾ,” ಮ್ಯಾನೇಜರ್ ಮೇಡಂ ದನಿ, ನಯವಾಗಿ. “ನಾನು. ಹೀಗೆಲ್ಲ ಮಾಡಬಾರದಮ್ಮ. ಗ್ರಾಹಕರು ಕಾಯ್ತಿದ್ದಾರೆ. ಬಾಗಿಲು ಒಡೆಸೋ ಹಾಗೆ ಮಾಡಬೇಡಿ ನನ್ನ. ಸೆಕ್ಯುರಿಟಿಯವರು ಮೆಟ್ಟಿಲು ಹತ್ತುತ್ತಿದ್ದಾರೆ. ಬನ್ನಿ, ಹೊರಗೆ ಬನ್ನಿ, ಕೂತು ಮಾತಾಡೋಣ.”

ರೇಡಿಯೊ ಎರಡೂ ಅಂಗೈಯನ್ನು ಹೊಟ್ಟೆಯ ಕೆಳಗೆ ಒತ್ತಿ, ಕಣ್ಣು ಮುಚ್ಚಿದಳು.

“ಕೂತಿದ್ದೀನಲ್ಲ ಮೇಡಂ,” ಎಂದಳು. “ಸ್ವಲ್ಪ ತಾಳಿ. ಇನ್ನೂ ಆಗಿಲ್ಲ.”